ಸಿಪ್ಪೆ ಇಲ್ಲದ ಕುಂಬಳ ಬೀಜ: ಅದರ ಚರಿತ್ರೆ ಮತ್ತು ನಮ್ಮ ಬೀಜದ ಗಂಟು



ಈ ದಿನ ತೊಗರಿಯ ಮಾತಿಲ್ಲ, ಜೋಳದ ಮಾತೂ ಇಲ್ಲ. ಕುಂಬಳಕಾಯಿ ಬೀಜದ ಮಾತು. “ಸಾಹೇಬರಿಗೆ ಬ್ಯಾರೆ ವಿಷಯ ಸಿಗಲಿಲ್ಲೇನು?” ಎಂದು ನಗಬೇಡಿರಿ. ಈ ವಿಷಯವನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಅದೇ ನನ್ನನ್ನು ಹುಡುಕಿಕೊಂಡು ಬಂದಿತು.

ಮೂರು ವರ್ಷದ ಹಿಂದೆ ಆಳಂದ ತಾಲೂಕಿನ ಸರಸಂಬಾ ಗ್ರಾಮದಲ್ಲಿ ತೊಗರಿ ಹೊಲ ನೋಡಿ ಬರುತ್ತಿದ್ದೆ. ಒಬ್ಬ ಆಯಿ ಕಟ್ಟೆಯ ಮೇಲೆ ಕುಳಿತು ಕುಂಬಳ ಬೀಜ ಸುಲಿಯುತ್ತಿದ್ದಳು. ಮುಂದೆ ಎರಡು ಗುಂಪು: ಒಂದು ಕಡೆ ಬೆರಳಷ್ಟು ತಿರುಳು, ಇನ್ನೊಂದು ಕಡೆ ಬೊಗಸೆಯಷ್ಟು ಸಿಪ್ಪೆ. ಮೊಮ್ಮಗ ಪಕ್ಕದಲ್ಲಿ ಕುಳಿತು, ಸುಲಿದದ್ದನ್ನು ಸುಲಿದಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

“ಸಾಹೇಬ್ರ, ನನ್ನ ಉಗುರೆಲ್ಲ ಸವದು ಹೋದ್ವು. ಸಿಪ್ಪಿ ಇಲ್ಲದ ಕುಂಬಳ ಬೀಜ ಎಲ್ಯಾರ ಅದಾವೇನ್ರಿ?” ಎಂದಳು.

“ಅದಾವ ಆಯಿ, ತಂದು ಕೊಡ್ತೀನಿ” ಎಂದುಬಿಟ್ಟೆ. ಕೃಷಿ ಡಿಪ್ಲೊಮಾ ಓದುವಾಗ ಇಂಥ ಬೀಜದ ಸುದ್ದಿ ಕೇಳಿದ್ದೆ. ಕೇಳಿದ್ದು ನಿಜ, ಬೆಳೆದದ್ದು ಇರಲಿಲ್ಲ. ಕೇಳಿದ್ದಕ್ಕೂ ಬೆಳೆದದ್ದಕ್ಕೂ ಎಷ್ಟು ಅಂತರ ಎಂಬುದು ಆಮೇಲೆ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಆಯಿಯ ಪ್ರಶ್ನೆಗೆ ಇರುವ ಚರಿತ್ರೆಯನ್ನು ಕೇಳಿರಿ.

ನಾವು ಇಂದು ಪಲ್ಯಕ್ಕೂ ಗಾರಿಗೆಗೂ ಬಳಸುವ ಸಿಹಿಗುಂಬಳವು ನಮ್ಮ ನಾಡಿನ ಮೂಲದ್ದಲ್ಲ. ನಮ್ಮ ಹಳೆಯ ಕುಂಬಳವೆಂದರೆ ಬೂದಗುಂಬಳ. ಆಯುಧ ಪೂಜೆಯಲ್ಲಿ ಒಡೆಯುತ್ತೇವಲ್ಲ, ಅದು. ಸಿಹಿಗುಂಬಳದ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸನು ಆ ಕಡೆಗೆ ಹೋದ ಮೇಲೆ, ಮೆಣಸಿನಕಾಯಿ, ಗೋವಿನಜೋಳ, ಶೇಂಗಾಗಳ ಹಾಗೆ ಇದೂ ಹಡಗು ಏರಿ ಸಮುದ್ರ ದಾಟಿತು. ನಮ್ಮ ಮಂದಿ ಹೊಸಬನಿಗೆ ಹಳೆಯ ಕುಂಬಳದ ಹೆಸರನ್ನೇ ಕೊಟ್ಟು ಮನೆಯೊಳಗೆ ಕರೆದುಕೊಂಡರು. ಮೈಸೂರು ಕಡೆಯವರು ಚೀನಿಕಾಯಿ ಎಂದರು. ಗಡಿಯಾಚೆಯ ಮರಾಠಿ ಜನ ಭೋಪಳಾ, ಡಾಂಗರ ಎಂದರು. ಉರ್ದು ಆಡುವವರು ಕದ್ದು ಎಂದರು. ಇಂದು ಅದು ನಮ್ಮ ತಿಪ್ಪೆಯ ಮೇಲೆ, ಬದುವಿನ ಮೇಲೆ, ಮಾಳಿಗೆಯ ಮೇಲೆ ಸ್ವಂತ ಮನೆಯವರಂತೆ ಹಬ್ಬಿದೆ.

ಮೆಕ್ಸಿಕೋ ದೇಶದ ಒಹಾಕಾ ಪ್ರಾಂತದಲ್ಲಿ ಗಿಲಾ ನಕಿಟ್ಜ್ ಎಂಬ ಗುಹೆಯಿದೆ. ಅಲ್ಲಿ ದೊರೆತ ಕುಂಬಳ ಬೀಜಗಳು ಸುಮಾರು 10,000 ವರ್ಷ ಹಳೆಯವೆಂದು ಬ್ರೂಸ್ ಸ್ಮಿತ್ ಎಂಬ ವಿದ್ವಾಂಸರು 1997ರಲ್ಲಿ ಪ್ರಕಟಿಸಿದರು. ಮನುಷ್ಯನು ಬೇಸಾಯ ಕಲಿತ ಮೊದಲ ದಿನಗಳಲ್ಲೇ ಕುಂಬಳ ಅವನ ಕೈಗೆ ಬಂದಿತ್ತು. ಆದರೆ ಅಡವಿ ಕುಂಬಳದ ತಿರುಳು ವಿಷದಂಥ ಕಹಿ. ಅದನ್ನು ಪಲ್ಯ ಮಾಡಿ ತಿನ್ನುವುದು ಆಗದ ಮಾತು. ಹಾಗಾದರೆ ಮೊದಲ ರೈತನು ಅದನ್ನು ಯಾತಕ್ಕೆ ಬೆಳೆದ? ಬೀಜಕ್ಕಾಗಿ ಎಂದು ಬಲ್ಲವರು ಹೇಳುತ್ತಾರೆ. ಬೀಜ ಕಹಿಯಲ್ಲ, ಎಣ್ಣೆಯಿದೆ, ಸಸಾರಜನಕವಿದೆ. ಸಿಹಿ ತಿರುಳು ಆಮೇಲೆ ಬಂದದ್ದು. ಆದಕಾರಣ ನಮ್ಮ ಆಯಿ ಕಟ್ಟೆಯ ಮೇಲೆ ಕುಳಿತು ಮಾಡುತ್ತಿದ್ದ ಕೆಲಸ ಹತ್ತು ಸಾವಿರ ವರ್ಷದಷ್ಟು ಹಳೆಯದು.

ಈಗ ಯುರೋಪಿಗೆ ಹೋಗೋಣ. ಆಸ್ಟ್ರಿಯಾ ದೇಶದ ಆಗ್ನೇಯ ಭಾಗದಲ್ಲಿ ಸ್ಟಿರಿಯಾ ಎಂಬ ಪ್ರಾಂತವಿದೆ. ಅಲ್ಲಿಯೂ ನಮ್ಮಂತೆ ಒಕ್ಕಲುತನದವರು. ಗೋವಿನಜೋಳದ ಸಾಲಿನ ನಡುವೆ ಅಕ್ಕಡಿಯಾಗಿ ಕುಂಬಳ ಹಾಕುತ್ತಿದ್ದರು. ಕಾಯಿಯ ತಿರುಳು ಹಂದಿಗಳಿಗೆ, ಬೀಜ ಗಾಣಕ್ಕೆ. ಅಲ್ಲಿ ಕುಂಬಳ ಬೀಜದ ಎಣ್ಣೆಯ ಲಿಖಿತ ದಾಖಲೆ 1697ರಷ್ಟು ಹಿಂದೆಯೇ ಸಿಗುತ್ತದೆ. ಆದರೆ ಆಗಿನ ಬೀಜ ನಮ್ಮ ಬೀಜದಂಥದೇ, ಗಟ್ಟಿ ಬಿಳಿ ಸಿಪ್ಪೆಯದು. ಸಿಪ್ಪೆ ಸಹಿತ ಗಾಣಕ್ಕೆ ಹಾಕಿದರೆ ಸಿಪ್ಪೆಯೇ ಎಣ್ಣೆ ಕುಡಿಯುತ್ತದೆ. ಸುಲಿಯಬೇಕೆಂದರೆ ಬೆರಳು ನೋಯುತ್ತವೆ. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಕುಳಿತು ಸುಲಿಯುವ ಕೆಲಸವದು. ಬೀಜದ ತೂಕದಲ್ಲಿ ಐದನೆಯ ಒಂದು ಪಾಲಿನಿಂದ ಕಾಲು ಪಾಲಿನವರೆಗೆ ಬರೀ ಸಿಪ್ಪೆಯೇ.

ಹೀಗಿರಲು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಹೊಲಗಳಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ಕಾಯಿ ಒಡೆದರೆ ಬಿಳಿ ಬೀಜವಿಲ್ಲ! ಕಡು ಹಸಿರು ಬಣ್ಣದ, ತೆಳ್ಳನೆಯ ಪೊರೆ ಮಾತ್ರ ಸುತ್ತಿದ ತಿರುಳು. ಇದು ಯಾರೂ ಹುಟ್ಟಿಸಿದ್ದಲ್ಲ, ತಾನಾಗಿ ಆದ ಮಾರ್ಪಾಡು. ಎಮ್ಮೆಗೆ ಅಪರೂಪಕ್ಕೊಮ್ಮೆ ಬಿಳಿ ಕರು ಹುಟ್ಟುವುದಿಲ್ಲವೇ, ಹಾಗೆ. ಮೊದಲು ಅದನ್ನು ಕಂಡ ರೈತನ ಅಥವಾ ರೈತ ಹೆಂಗಸಿನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಬೀಜ ಸುಲಿಯುತ್ತಿದ್ದ ಯಾವುದೋ ಕೈ “ಇದು ಬ್ಯಾರೆ ಅದ” ಎಂದು ಗುರುತಿಸಿತು. ತಿಂದು ಮುಗಿಸದೆ ಒಂದು ಹಿಡಿ ಬಿತ್ತಲು ಎತ್ತಿಟ್ಟಿತು. ಅಷ್ಟು ಮಾಡದಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ.

ಏನಾಗಿತ್ತು ಅಂದರೆ, ಕುಂಬಳ ಬೀಜದ ಸಿಪ್ಪೆ ಒಂದೇ ಪದರವಲ್ಲ, ಒಂದರ ಒಳಗೊಂದು ಐದು ಪದರ. ಕಾಯಿ ಬಲಿಯುತ್ತಾ ಬಂದಂತೆ ಹೊರಗಿನ ಪದರಗಳ ಕಣಗಳ ಗೋಡೆಗಳು ದಪ್ಪವಾಗಿ ಕಟ್ಟಿಗೆಯಂತೆ ಗಟ್ಟಿಯಾಗುತ್ತವೆ. ಈ ಹೊಸ ಬೀಜದಲ್ಲಿ ಪದರಗಳು ಹುಟ್ಟಿದ್ದವು, ಆದರೆ ಗಟ್ಟಿಯಾಗಲಿಲ್ಲ. ಒಣಗಿದಾಗ ಎಲ್ಲ ಕುಗ್ಗಿ ಒಂದು ಪೊರೆಯಾಗಿ ತಿರುಳಿಗೆ ಅಂಟಿಕೊಂಡವು. ಒಳಪದರದ ಹಸಿರು ಹೊರಗೆ ಕಾಣಿಸಿತು. ಆದ್ದರಿಂದ ‘ಸಿಪ್ಪೆ ಇಲ್ಲದ ಬೀಜ’ ಎನ್ನುವುದು ಆಡುಮಾತು. ನಿಜ ಹೇಳಬೇಕೆಂದರೆ ಸಿಪ್ಪೆ ಇದೆ, ಗಟ್ಟಿಯಾಗಿಲ್ಲ ಅಷ್ಟೇ.

ಇದನ್ನು ಶಾಸ್ತ್ರದ ಕಣ್ಣಿಗೆ ತಂದವರು ವಿಯೆನ್ನಾದ ಎರಿಕ್ ಫಾನ್ ಚೆರ್ಮಾಕ್ ಎಂಬ ತಳಿ ವಿಜ್ಞಾನಿ. ಇವರ ಹೆಸರಿನ ಹಿಂದೆ ಒಂದು ದೊಡ್ಡ ಕಥೆಯಿದೆ. ಗ್ರೆಗರ್ ಮೆಂಡೆಲ್ ಎಂಬ ಮಠದ ಸಾಧು ಬಟಾಣಿ ಬೆಳೆದು, ತಾಯಿ ತಂದೆಯರ ಗುಣ ಮಕ್ಕಳಿಗೆ ಯಾವ ಲೆಕ್ಕದಲ್ಲಿ ಇಳಿಯುತ್ತದೆ ಎಂದು 1866ರಲ್ಲಿ ಅಚ್ಚು ಹಾಕಿಸಿದ್ದರು. ಯಾರೂ ಲಕ್ಷ್ಯ ಕೊಡಲಿಲ್ಲ. 34 ವರ್ಷ ಕಳೆದು 1900ರಲ್ಲಿ ಆ ಲೆಕ್ಕವನ್ನು ಮತ್ತೆ ಬೆಳಕಿಗೆ ತಂದ ಮೂವರಲ್ಲಿ ಚೆರ್ಮಾಕ್ ಒಬ್ಬರೆಂದು ಪುಸ್ತಕಗಳು ಹೇಳುತ್ತವೆ. ಅವರೇ 1934ರಲ್ಲಿ ವಿಯೆನ್ನಾದ ಒಂದು ಕೃಷಿ ಪತ್ರಿಕೆಯಲ್ಲಿ, ಸಿಪ್ಪೆ ಇಲ್ಲದ ಬೀಜದ ಕುಂಬಳವು ಲಕ್ಷ್ಯಕ್ಕೆ ತಕ್ಕ ಎಣ್ಣೆ ಬೆಳೆ ಎಂದು ಬರೆದರು. ರೈತನ ಮನೆಯಲ್ಲಿ ಗುಟ್ಟಾಗಿ ಇದ್ದದ್ದು ಅಲ್ಲಿಂದ ವಿದ್ವಾಂಸರ ಮಾತಾಯಿತು.

ಮೆಂಡೆಲರ ಲೆಕ್ಕವನ್ನು ಕುಂಬಳಕ್ಕೆ ಹಚ್ಚಿ ನೋಡೋಣ. ಸ್ವಲ್ಪ ಗಮನವಿಟ್ಟು ಕೇಳಿರಿ, ಬೀಜ ಕಾಯುವವರಿಗೆ ಇದು ಬಹಳ ಬೇಕಾದ ಮಾತು.

ಪ್ರತಿ ಗಿಡದಲ್ಲಿಯೂ ಒಂದು ಗುಣಕ್ಕೆ ಎರಡು ಚೀಟಿ ಇರುತ್ತವೆ ಎಂದುಕೊಳ್ಳಿರಿ. ಒಂದು ತಾಯಿಯದು, ಒಂದು ತಂದೆಯದು. ‘ಸಿಪ್ಪೆ ಗಟ್ಟಿಯಾಗಲಿ’ ಎಂಬ ಚೀಟಿ ಒಂದಿದ್ದರೂ ಸಾಕು, ಸಿಪ್ಪೆ ಗಟ್ಟಿಯಾಗುತ್ತದೆ. ಎರಡೂ ಚೀಟಿ ‘ಗಟ್ಟಿಯಾಗುವುದು ಬೇಡ’ ಎಂದರೆ ಮಾತ್ರ ಬೀಜ ಬತ್ತಲೆ. ಆದ್ದರಿಂದ ಸಿಪ್ಪೆ ಇಲ್ಲದ ಗಿಡಕ್ಕೂ ಸಿಪ್ಪೆ ಇರುವ ಗಿಡಕ್ಕೂ ಕೂಡಿಸಿದರೆ ಮಕ್ಕಳೆಲ್ಲ ಸಿಪ್ಪೆಯವು. ಆ ಮಕ್ಕಳ ಹೂವಿಗೆ ಅವುಗಳದೇ ಪರಾಗ ಮುಟ್ಟಿಸಿ ಬೀಜ ಬಿತ್ತಿದರೆ ಮೊಮ್ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಸಿಪ್ಪೆ ಇಲ್ಲದ್ದು. ಗುಣ ಕಳೆದುಹೋಗಿರಲಿಲ್ಲ, ಒಂದು ತಲೆಮಾರು ಅಡಗಿ ಕುಳಿತಿತ್ತು. ಇದರ ಜೊತೆಗೆ ಸಿಪ್ಪೆ ಎಷ್ಟು ತೆಳುವಾಗಬೇಕೆಂದು ತಿದ್ದುವ ಬೇರೆ ಸಣ್ಣ ಗುಣಗಳೂ ಇವೆ. ಹೀಗಾಗಿ ಕೆಲವು ಬೀಜ ಅರೆಬರೆ ಸಿಪ್ಪೆಯವೂ ಬರುತ್ತವೆ.

ಇಲ್ಲಿಯೇ ಒಂದು ಮೋಸವಿದೆ. ಬೀಜದ ಸಿಪ್ಪೆಯು ತಾಯಿ ಗಿಡದ ಅಂಗ. ಒಳಗಿನ ತಿರುಳು ಮಾತ್ರ ತಾಯಿ ತಂದೆ ಇಬ್ಬರ ಕೂಸು. ಕೂಸನ್ನು ತಾಯಿಯ ಸೀರೆಯಲ್ಲಿ ಸುತ್ತಿದ್ದರೆ, ಸೀರೆ ನೋಡಿ ಕೂಸಿನ ಮುಖ ಹೇಳಲಾದೀತೇ? ಹಾಗೆಯೇ ಸಿಪ್ಪೆ ಇಲ್ಲದ ಗಿಡದ ಹೂವಿಗೆ ಜೇನುಹುಳ ಬೇರೆ ಹೊಲದ ಪರಾಗ ತಂದು ಮುಟ್ಟಿಸಿದರೂ ಈ ವರ್ಷದ ಕಾಯಿಯಲ್ಲಿ ಬೀಜ ಬತ್ತಲೆಯಾಗಿಯೇ ಇರುತ್ತದೆ. ರೈತನು ಖುಷಿಯಿಂದ ಅದನ್ನೇ ಬೀಜಕ್ಕೆ ಇಡುತ್ತಾನೆ. ಮರುವರ್ಷ ಕಾಯಿ ಒಡೆದರೆ ಎಲ್ಲ ಸಿಪ್ಪೆ! “ಬೀಜ ಕೆಟ್ಟಿತು, ಭೂಮಿ ಒಪ್ಪಲಿಲ್ಲ” ಎಂದು ದುಃಖ ಪಡುತ್ತಾನೆ. ಭೂಮಿಯದೇನೂ ತಪ್ಪಿಲ್ಲ. ಹಿಂದಿನ ವರ್ಷದ ಜೇನುಹುಳದ ಕೆಲಸವದು.

ಈ ಕಾರಣದಿಂದ ಸ್ಟಿರಿಯಾದಲ್ಲಿ ಒಬ್ಬನೇ ತನ್ನ ಹೊಲದಲ್ಲಿ ಹೊಸ ಬೀಜ ಕಾಯ್ದರೆ ಸಾಲುತ್ತಿರಲಿಲ್ಲ. ನೆರೆಹೊರೆಯವರೂ ಸಿಪ್ಪೆ ಬೀಜವನ್ನು ಬಿಡುವ ತನಕ ಬೆರಕೆ ತಪ್ಪದು. 20ನೆಯ ಶತಮಾನದ ಮಧ್ಯದ ಹೊತ್ತಿಗೆ ಆ ನಾಡು ಹೆಚ್ಚು ಕಡಿಮೆ ಪೂರ್ತಿಯಾಗಿ ಸಿಪ್ಪೆ ಇಲ್ಲದ ಬೀಜಕ್ಕೆ ತಿರುಗಿತು. ಗ್ಲೈಸ್‌ಡಾರ್ಫ್ ಎಂಬ ಊರಿನ ಬೀಜ ಸಂಸ್ಥೆಯವರು ಒಳ್ಳೆಯ ಗಿಡಗಳನ್ನು ಆರಿಸಿ ಆರಿಸಿ, ಊರಿನ ಹೆಸರಿನಲ್ಲೇ ತಳಿ ಹೊರತಂದರು.

ಅಲ್ಲಿ ಇಂದು ಕುಂಬಳವನ್ನು ಏಪ್ರಿಲ್ ಕೊನೆ, ಮೇ ಮೊದಲಿಗೆ ಬಿತ್ತುತ್ತಾರೆ. ಸೆಪ್ಟೆಂಬರಿಗೆ ಕಾಯಿ ಹಳದಿಯಾಗುತ್ತವೆ. ಹಿಂದೆ ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರಿ, ಮಾತಾಡುತ್ತ, ಕೈಯಿಂದ ಬೀಜ ತೆಗೆಯುತ್ತಿದ್ದರು. ಈಗ ಯಂತ್ರ ಹೊಲದಲ್ಲಿಯೇ ಕಾಯಿ ಒಡೆದು ಬೀಜ ತೆಗೆದು, ತಿರುಳನ್ನು ಗೊಬ್ಬರಕ್ಕೆ ಅಲ್ಲಿಯೇ ಬಿಡುತ್ತದೆ. ಒಣಗಿದ ಬೀಜ ಹೆಕ್ಟೇರಿಗೆ ಸುಮಾರು 500ರಿಂದ 700 ಕಿಲೋ. ನಮ್ಮ ಎಕರೆ ಲೆಕ್ಕದಲ್ಲಿ 200ರಿಂದ 280 ಕಿಲೋ. ಬೀಜವನ್ನು ಪುಡಿ ಮಾಡಿ, ನೀರು ಉಪ್ಪು ಹಾಕಿ ನಾದಿ, ಹುರಿದು, ಗಾಣಕ್ಕೆ ಕೊಡುತ್ತಾರೆ. ಒಂದು ಲೀಟರು ಎಣ್ಣೆಗೆ ಎರಡೂವರೆಯಿಂದ ಮೂರು ಕಿಲೋ ಬೀಜ, ಅಂದರೆ ಮೂವತ್ತರ ಮೇಲೆ ಕಾಯಿ ಬೇಕು. ಎಣ್ಣೆ ಕಡು ಹಸಿರು. 1996ರಲ್ಲಿ ಯುರೋಪಿನ ಒಕ್ಕೂಟವು ಆ ಪ್ರಾಂತದ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದೇ ಜಾತಿಯ ಮಾನ.

ಎಲ್ಲವೂ ಸುಖವಾಗಿಯೇ ನಡೆಯಿತೆಂದು ತಿಳಿಯಬೇಡಿರಿ. 1997ರಲ್ಲಿ ಹಳದಿ ನಂಜು ರೋಗ ಆ ಪ್ರಾಂತದ ಕುಂಬಳದ ಮೇಲೆ ಬಿದ್ದು ಬಹಳ ಹಾನಿ ಮಾಡಿತು. ಹೇನುಗಳು ಹರಡುವ ರೋಗವದು. ಊರೆಲ್ಲ ಒಂದೇ ಬಗೆಯ ಬೀಜ ಇದ್ದರೆ ರೋಗಕ್ಕೂ ಸುಗ್ಗಿ. ಆಮೇಲೆ ರೋಗ ತಡೆಯುವ ಗುಣವನ್ನು ಬೇರೆ ಕುಂಬಳಗಳಿಂದ ತಂದು ಕೂಡಿಸಬೇಕಾಯಿತು. ಆ ‘ಬೇರೆ ಕುಂಬಳ’ಗಳನ್ನು ಯಾರೋ ಎಲ್ಲಿಯೋ ಬೀಜ ಇಟ್ಟು ಕಾಯ್ದಿದ್ದರಿಂದ ಅದು ಸಾಧ್ಯವಾಯಿತು ಎಂಬುದನ್ನು ಮನಸ್ಸಿನಲ್ಲಿಡಿರಿ.

ಅಮೆರಿಕದಲ್ಲಿ 1970ರ ದಶಕದಲ್ಲಿ ‘ಲೇಡಿ ಗೊಡೈವಾ’ ಎಂಬ ಸಿಪ್ಪೆ ಇಲ್ಲದ ತಳಿ ಬಂದಿತು. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಬ್ರೆಂಟ್ ಲಾಯ್ ಎಂಬ ತಳಿಗಾರರು 2020ರಲ್ಲಿ ತೀರಿಕೊಳ್ಳುವವರೆಗೆ ಅರ್ಧ ಶತಮಾನಕ್ಕೂ ಮೀರಿ ಕುಂಬಳ, ಸೌತೆ ಜಾತಿಯ ಬೆಳೆಗಳ ಮೇಲೆ ದುಡಿದರು. ಹುರಿದು ತಿನ್ನಲು ತಕ್ಕ ಬತ್ತಲೆ ಬೀಜದ ಕುಂಬಳವೂ ಅವರ ಕೆಲಸದಲ್ಲಿ ಒಂದು. ನಮ್ಮ ದೇಶದಲ್ಲಿ ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯವು 2018ರಲ್ಲಿ ‘ಪಿಎಯು ಮಗಜ್ ಕದ್ದು-1’ ಎಂಬ ಸಿಪ್ಪೆ ಇಲ್ಲದ ಬೀಜದ ತಳಿಯನ್ನು ಬಿಡುಗಡೆ ಮಾಡಿತು. ‘ಮಗಜ್’ ಎಂಬ ಮಾತು ನಮಗೆ ಹೊಸದಲ್ಲ. ಪೇಟೆಯಲ್ಲಿ ಮಿಠಾಯಿಗೆ, ಶರಬತ್ತಿಗೆ ಚಾರ್ ಮಗಜ್ ಕೊಳ್ಳುತ್ತೇವೆ: ಕುಂಬಳ, ಕಲ್ಲಂಗಡಿ, ಕರ್ಬೂಜ, ಸೌತೆ, ಈ ನಾಲ್ಕರ ಸುಲಿದ ಬೀಜ. ಅದರ ಬೆಲೆಯಲ್ಲಿ ಸುಲಿದವರ ಕೂಲಿಯೂ ಸೇರಿರುತ್ತದೆ.

ಸರಿ, ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಆಯಿಗೆ ಮಾತು ಕೊಟ್ಟಿದ್ದೆನಲ್ಲ. ಗೆಳೆಯನೊಬ್ಬನಿಂದ ಸಿಪ್ಪೆ ಇಲ್ಲದ ಹನ್ನೆರಡು ಬೀಜ ತರಿಸಿದೆ. ಆರು ಆಯಿಗೆ ಕೊಟ್ಟೆ, ಆರು ನನ್ನ ಮನೆಗೆ ಒಯ್ದೆ. ಕೊಡುವಾಗ ದೊಡ್ಡ ಶಾಣ್ಯಾನಂತೆ ಇನ್ನೊಂದು ಮಾತು ಸೇರಿಸಿದೆ: “ಆಯಿ, ಈ ವರ್ಷ ನಿನ್ನ ಹಳೀ ಬೀಜ ಹಾಕಬ್ಯಾಡ. ಜಾಗಾ ಎಲ್ಲ ಇದಕ್ಕ ಬಿಡು.”

ಆಯಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಳಗೆ ಹೋಗಿ ಗೋಡೆಯಿಂದ ಒಂದು ಒಣಗಿದ ಕುಳ್ಳು ಕಿತ್ತು ತಂದಳು. ಸಗಣಿಯಲ್ಲಿ ಒತ್ತಿ ಕಾಯ್ದಿಟ್ಟ ಕುಂಬಳ ಬೀಜ. ತವರು ಮನೆಯಿಂದ ಮದುವೆಯಾಗಿ ಬಂದಾಗ ತಂದ ಜಾತಿ. ಹಿಂದಿನ ವರ್ಷ ಕಾಯಿ ಕಚ್ಚಿರಲಿಲ್ಲ. ಇದ್ದದ್ದು ಹಳೆಯ ಬೀಜ, ಅದೂ ಒಂದು ಹಿಡಿ. “ಇದನ್ನ ಈ ವರ್ಷ ಹಾಕಲಿಲ್ಲಂದ್ರ ಮುಂದಿನ ವರ್ಷ ಮೊಳಿತದೋ ಇಲ್ಲೋ” ಎಂದಳು. ಒಂದೇ ಮಡಿಯಲ್ಲಿ ಒಂದು ಕಡೆ ನನ್ನ ಆರು, ಇನ್ನೊಂದು ಕಡೆ ತನ್ನ ಎಂಟು ಊರಿದಳು.

ಆರಿದ್ರಾ ಮಳೆ ಹಿಡಿಯಿತು. ನಮ್ಮ ಎರಿ ಭೂಮಿ ನಿಮಗೆ ಗೊತ್ತೇ ಇದೆ. ಒಮ್ಮೆ ನೀರು ಕುಡಿದರೆ ಬಿಟ್ಟುಕೊಡುವುದಿಲ್ಲ. ನಾಲ್ಕು ದಿನ ಮಡಿ ರಾಡಿಯಾಗಿ ನಿಂತಿತು. ಹತ್ತನೆಯ ದಿನ ಹೋಗಿ ನೋಡಿದರೆ ಆಯಿಯ ಎಂಟರಲ್ಲಿ ಐದು ಮೊಳೆತು ಎರಡು ಎಲೆ ಬಿಟ್ಟಿದ್ದವು. ನನ್ನ ಆರರಲ್ಲಿ ಒಂದೂ ಇರಲಿಲ್ಲ. ಕೆದರಿ ನೋಡಿದರೆ ಕೊಳೆತ ಲೋಳೆ, ಸುತ್ತಲೂ ಇರುವೆ.

ಆಯಿ ಬೈಯಲಿಲ್ಲ. “ಅಂಗಿ ಇಲ್ಲದ ಕೂಸಿಗೆ ಮಳ್ಯಾಗ ಮಲಗಿಸಿದ್ರ ಏನಾಗ್ತದ ಸಾಹೇಬ್ರ?” ಎಂದಳು. ನನಗೆ ಆ ಹೊತ್ತು ಉತ್ತರ ಹೊಳೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಂತೆ, ಯಾರೂ ಏನೂ ಅನ್ನದಿದ್ದರೂ ತಲೆ ತಗ್ಗಿಸಿ ಬಂದೆ. ಆಕೆ ನನ್ನ ಮಾತು ಕೇಳಿದ್ದರೆ ತವರಿನ ಬೀಜ ಅಲ್ಲಿಗೆ ಮುಗಿದುಹೋಗುತ್ತಿತ್ತೇನೋ.

ಸಿಪ್ಪೆ ಯಾತಕ್ಕಿದೆ ಎಂಬುದು ಆ ದಿನ ನನಗೆ ತಿಳಿಯಿತು. ನಮ್ಮ ಹಲ್ಲಿಗೆ ಅಡ್ಡಿಯಾಗಲೆಂದು ಅದು ಇರುವುದಲ್ಲ. ಮಣ್ಣಿನ ಬೂಜು, ಇರುವೆ, ಹುಳ, ಹೆಚ್ಚಿನ ನೀರು, ಇವುಗಳಿಂದ ಮೊಳಕೆಯನ್ನು ಕಾಯುವ ಕವಚವದು. ಅಡವಿಯಲ್ಲಿ ಇಂಥ ಬತ್ತಲೆ ಬೀಜ ಹುಟ್ಟಿದ್ದರೆ ಒಂದೇ ಮಳೆಗಾಲದಲ್ಲಿ ಅಳಿಯುತ್ತಿತ್ತು. ಮನುಷ್ಯನು ಕಾಯ್ದನಾದ್ದರಿಂದ ಉಳಿಯಿತು. ಸ್ಟಿರಿಯಾದವರೂ ಅದನ್ನು ಹಾಗೆಯೇ ಬಿತ್ತುವುದಿಲ್ಲ: ಮಣ್ಣು ಬೆಚ್ಚಗಾಗುವ ತನಕ ಕಾಯುತ್ತಾರೆ, ಬೀಜಕ್ಕೆ ಬೂಜು ತಡೆಯುವ ಔಷಧ ಲೇಪಿಸುತ್ತಾರೆ. ಇನ್ನೊಂದು ಸೂಕ್ಷ್ಮ: ಬಲಿತ ಕಾಯಿಯನ್ನು ಬಹಳ ದಿನ ಇಟ್ಟರೆ ಬತ್ತಲೆ ಬೀಜ ಕೆಲವೊಮ್ಮೆ ಕಾಯಿಯೊಳಗೇ ಮೊಳಕೆ ಒಡೆಯುತ್ತದೆ. ನಮ್ಮ ಕುಂಬಳವನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುವಂತೆ ಇದನ್ನು ಇಡಲಾಗದು.

ನನ್ನ ಮನೆಯ ಆರು ಬೀಜವನ್ನು ಸೂರಿನ ಕೆಳಗೆ, ಮರಳು ಗೊಬ್ಬರ ಬೆರೆಸಿದ ಚೀಲಗಳಲ್ಲಿ, ಹದವಾಗಿ ನೀರು ಚಿಮುಕಿಸಿ ಊರಿದ್ದೆ. ಐದು ಬಂದವು. ಎರಡು ಸಸಿ ಒಯ್ದು ಆಯಿಗೆ ಕೊಟ್ಟೆ. ಈ ಸಲ ಆಕೆ ಎತ್ತರದ ಬದುವಿನ ಮೇಲೆ ನೆಟ್ಟಳು. ಮೂರು ಕಾಯಿ ಬಂದವು. ಒಡೆದಾಗ ಹಸಿರು ಬೀಜ ಕಂಡು ಮೊಮ್ಮಗ ಕುಣಿದಾಡಿದ. ಹುರಿದು ಬೆಲ್ಲ ಹಾಕಿ ಉಂಡೆ ಕಟ್ಟಿದಳು. ಅದರ ರುಚಿಗೆ ಮಾತಿಲ್ಲ. ಆದರೆ ತಿರುಳಿನ ಪಲ್ಯ ಮಾಡಿ ಒಂದು ತುತ್ತು ತಿಂದು ಪಕ್ಕಕ್ಕಿಟ್ಟಳು. “ಇದು ಎಮ್ಮಿಗೆ ಹಾಕ್ರಿ. ಎಳ್ಳಮಾಸಿ ಗಾರಿಗಿಗೆ ಇದು ನಡ್ಯಾಂಗಿಲ್ಲ.” ಸ್ಟಿರಿಯಾದವರು ತಿರುಳನ್ನು ಹಂದಿಗೆ ಹಾಕಿದ್ದೇಕೆಂದು ಆಗ ತಿಳಿಯಿತು. ನಾರು ನಾರು, ನೀರು ನೀರು.

“ಹಂಗಾದ್ರ ನನ್ನ ಕುಂಬಳಕ್ಕೂ ಇದಕ್ಕೂ ಕೂಡಿಸಿ, ತಿರುಳು ನನ್ನದು, ಬೀಜ ಇದರದು ಮಾಡಾಕ ಬರ್ತದೇನು?” ಇದು ಆಯಿಯ ಮುಂದಿನ ಪ್ರಶ್ನೆ. ತಳಿಗಾರರು ಕೇಳುವ ಪ್ರಶ್ನೆಯೇ ಅದು. ತೊಡಕು ಏನೆಂದರೆ ಎರಡೂ ಕುಂಬಳವೇ ಆದರೂ ಜಾತಿ ಬೇರೆ. ಸ್ಟಿರಿಯಾದ್ದು ಪೆಪೊ ಎಂಬ ಜಾತಿ; ಪೇಟೆಯಲ್ಲಿ ಸಿಗುವ ಜುಕಿನಿ ಅದರ ಬಳಗ. ನಮ್ಮ ಹಿತ್ತಲಿನದು ಹೆಚ್ಚಾಗಿ ಮಾಸ್ಕಾಟಾ ಜಾತಿ. ಗುರುತು ಸುಲಭ: ನಮ್ಮ ಕುಂಬಳದ ತೊಟ್ಟು ಕಾಯಿಗೆ ಅಂಟುವಲ್ಲಿ ಐದು ಬೆರಳಿನ ಪಾದದಂತೆ ಅಗಲವಾಗುತ್ತದೆ, ಪೆಪೊ ತೊಟ್ಟು ಗೆರೆಗೆರೆಯಾಗಿದ್ದರೂ ಅಷ್ಟು ಅಗಲವಾಗದು. ಈ ಎರಡನ್ನು ಕೂಡಿಸುವುದು ಬಹಳ ಕಷ್ಟ. ನಾವು ಕೈಯಿಂದ ಪರಾಗ ಮುಟ್ಟಿಸಿ ನೋಡಿದೆವು. ಹೀಚು ನಿಂತಂತೆ ಕಂಡಿತು, ವಾರದಲ್ಲಿ ಹಳದಿಯಾಗಿ ಉದುರಿತು. ಪ್ರಯೋಗಶಾಲೆಯಲ್ಲಿ ಎಳೆಯ ಭ್ರೂಣವನ್ನು ತೆಗೆದು ಬೆಳೆಸಿ ಇಂಥ ಸಂಬಂಧ ಮಾಡಿಸುತ್ತಾರೆ. ಅದು ಹಿತ್ತಲಿನ ಕೆಲಸವಲ್ಲ.

ಸಿಪ್ಪೆಯ ಹಟ ಕುಂಬಳಕ್ಕೆ ಮಾತ್ರವಲ್ಲ. ನಮ್ಮ ಕುಸುಬೆಯನ್ನೇ ನೋಡಿರಿ, ಹಳೆಯ ತಳಿಗಳಲ್ಲಿ ತೂಕದ ಅರ್ಧದ ಹತ್ತಿರ ಸಿಪ್ಪೆಯೇ. 1950-60ರ ದಶಕಗಳಲ್ಲಿ ಅಮೆರಿಕದ ಸಂಶೋಧಕರಿಗೆ ತೆಳು ಸಿಪ್ಪೆಯ ಕುಸುಬೆ ದೊರೆಯಿತು. ಎಣ್ಣೆಯ ಪಾಲು ಏರಿತು. ಆದರೆ ಆ ಗಿಡಗಳ ಪರಾಗದ ಚೀಲ ಸರಿಯಾಗಿ ಬಿರಿಯಲಿಲ್ಲ! ಒಂದನ್ನು ಪಡೆಯಹೋದರೆ ಇನ್ನೊಂದನ್ನು ಕೊಡಬೇಕಾಗುತ್ತದೆ. ತಳಿ ಮಾಡುವುದೆಂದರೆ ಈ ಕೊಡು-ಕೊಳ್ಳುವಿಕೆಯ ಲೆಕ್ಕ.

ಹಾಗಾದರೆ ನಾವು ಏನು ಮಾಡತಕ್ಕದ್ದು? ನನ್ನ ತಿಳಿವಳಿಕೆಯ ಮಟ್ಟಿಗೆ ನಾಲ್ಕು ಮಾತು.

ಮೊದಲನೆಯದು, ಹೊಸ ಬೀಜ ಬಂದರೆ ಬೇಡವೆನ್ನಬೇಡಿರಿ, ಆದರೆ ಹಳೆಯದನ್ನು ಎಸೆಯಬೇಡಿರಿ. ಹೊಸದಕ್ಕೆ ಒಂದು ಮೂಲೆ ಕೊಟ್ಟು ಎರಡು ಮೂರು ವರ್ಷ ನೋಡಿರಿ. ಪಂಜಾಬದಲ್ಲಿ ಫೆಬ್ರುವರಿ-ಮಾರ್ಚಿನ ಹದಕ್ಕೆ ಬಿತ್ತುವ ತಳಿ ನಮ್ಮ ಮುಂಗಾರಿ ಎರಿಗೆ ಹಾಗೆಯೇ ಒಗ್ಗುತ್ತದೆಂದು ಹೇಳಲಾಗದು. ಸಿಪ್ಪೆ ಇಲ್ಲದ ಬೀಜವಾದರೆ ನೇರ ಹೊಲಕ್ಕೆ ಊರದೆ, ಸೂರಿನ ಕೆಳಗೆ ಸಸಿ ಮಾಡಿ, ನೀರು ನಿಲ್ಲದ ಏರು ಮಡಿಯಲ್ಲಿ ನೆಡಿರಿ.

ಎರಡನೆಯದು, ಜಾತಿ ಉಳಿಯಬೇಕೆಂದರೆ ಹೂವು ಕಾಯಿರಿ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರಿ ತೊಟ್ಟು. ನಾಳೆ ಅರಳುವ ಹೂವು ಇಂದು ಸಂಜೆ ತುದಿಯಲ್ಲಿ ಹಳದಿಯಾಗಿರುತ್ತದೆ. ಒಂದು ಹೆಣ್ಣು, ಒಂದೆರಡು ಗಂಡು ಹೂವಿನ ತುದಿಗೆ ದಾರ ಕಟ್ಟಿರಿ, ಹುಳ ಹೋಗದಂತೆ. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಹೂವಿನ ದಳ ಹರಿದು, ಪರಾಗವನ್ನು ಹೆಣ್ಣು ಹೂವಿನೊಳಗೆ ಸವರಿ, ಮತ್ತೆ ದಾರ ಕಟ್ಟಿರಿ. ಆ ತೊಟ್ಟಿಗೆ ಬಣ್ಣದ ಅರಿವೆ ಸುತ್ತಿ ಗುರುತು ಮಾಡಿರಿ. ಬೀಜಕ್ಕೆ ಆ ಕಾಯಿ ಮಾತ್ರ. ಒಂದೇ ಬಳ್ಳಿಯಿಂದ ತೆಗೆಯದೆ ನಾಲ್ಕಾರು ಬಳ್ಳಿಗಳ ಬೀಜ ಕೂಡಿಸಿ ಇಟ್ಟರೆ ಜಾತಿಯ ಬಲ ಕುಗ್ಗದು.

ಮೂರನೆಯದು, ಬೆರಕೆ ಬೀಜದಿಂದ ಬಂದ ಕಾಯಿ ಕಹಿಯಾಗಿದ್ದರೆ ಒಂದು ತುತ್ತೂ ನುಂಗಬೇಡಿರಿ, ಉಗುಳಿ ಕಾಯಿಯನ್ನು ಹೂಳಿರಿ. ಅದು ಅಡವಿ ಕುಂಬಳದ ಹಳೆಯ ವಿಷ ಮರಳಿ ಬಂದದ್ದು. ಬೇಯಿಸಿದರೂ ಹೋಗುವುದಿಲ್ಲ.

ನಾಲ್ಕನೆಯದು, ಪಲ್ಯದ ಕುಂಬಳಕ್ಕೆ ನಮ್ಮ ರಾಜ್ಯದ್ದೇ ಒಳ್ಳೆಯ ತಳಿಗಳಿವೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ಮಾಸ್ಕಾಟಾ ಜಾತಿಯದು. ಅದನ್ನೂ ನಿಮ್ಮ ಮನೆಯ ಬೀಜದ ಜೊತೆ ಹೋಲಿಸಿ ನೋಡಬಹುದು. ಹತ್ತಿರ ಹತ್ತಿರ ಹಾಕಿದರೆ ಮಾತ್ರ ಇವೆರಡೂ ಒಂದೇ ಜಾತಿಯಾದ್ದರಿಂದ ಬೆರೆಯುತ್ತವೆ. ದಾರ ಕಟ್ಟುವುದನ್ನು ಮರೆಯಬೇಡಿರಿ.

ಬಾಂಧವರೇ, ಈ ಚರಿತ್ರೆಯಲ್ಲಿ ಚೆರ್ಮಾಕರ ಹೆಸರಿದೆ, ಸಂಸ್ಥೆಗಳ ಹೆಸರಿದೆ. ಆದರೆ ಹಸಿರು ಬೀಜವನ್ನು ಮೊದಲು ಎತ್ತಿಟ್ಟ ಕೈಗೆ ಹೆಸರಿಲ್ಲ. ಅಂಥ ಕೈಗಳು ನಮ್ಮ ಊರುಗಳಲ್ಲಿಯೂ ಇವೆ. ನಿಮ್ಮ ರಾಶಿಯಲ್ಲಿ, ನಿಮ್ಮ ಹಿತ್ತಲಲ್ಲಿ ಒಂದು ತೆನೆ, ಒಂದು ಕಾಯಿ ಬೇರೆಯಾಗಿ ಕಂಡರೆ ಒಲೆಗೋ ದನಕ್ಕೋ ಹಾಕುವ ಮೊದಲು ಒಂದು ಗಳಿಗೆ ನಿಂತು ನೋಡಿರಿ. ಬೀಜ ಎತ್ತಿಟ್ಟು ನಮ್ಮಂಥವರಿಗೆ ತೋರಿಸಿರಿ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ಯುವ ಹೊಣೆ ನಮ್ಮದು.

ಹೋದ ಎಳ್ಳಮಾಸಿಗೆ ಸರಸಂಬಾಕ್ಕೆ ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರು. ನನ್ನ ಎಲೆಗೆ ತನ್ನ ತವರಿನ ಕುಂಬಳದ ಗಾರಿಗೆ ಹಾಕಿ, ಅದರ ಪಕ್ಕದಲ್ಲಿ ಹಸಿರು ಬೀಜದ ಒಂದು ಉಂಡೆ ಇಟ್ಟಳು ಆಯಿ. ಅವಳ ಗೋಡೆಯ ಮೇಲೆ ಈಗ ಎರಡು ಕುಳ್ಳುಗಳಿವೆಯೇ ಎಂದು ಕೇಳಿದೆ. “ಒಂದೇ ಅದ ಸಾಹೇಬ್ರ. ನಿಮ್ಮ ಬೀಜ ಸಗಣ್ಯಾಗ ಒತ್ತಿದ್ರ ಕೊಳೀತದ. ಅದನ್ನ ಬೂದ್ಯಾಗ ಹೊರಳಿಸಿ ಡಬ್ಬ್ಯಾಗ ಇಟ್ಟೀನಿ” ಎಂದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.